ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಲಗಾಮು: ವೇಗ, ಬಿಸಿ, ಬ್ಯಾಟರಿ ಮೂರನ್ನೂ ಹದಕ್ಕೆ ತರುವ ಬಗೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ ಸಿಪಿಯು, ಅಂದರೆ ಪ್ರೊಸೆಸರ್, ಆರಿಸಿ. ಗ್ರಾಫಿನ ಕೆಳಗೆ ‘ಸ್ಪೀಡ್’ ಎಂದು ಒಂದು ದೊಡ್ಡ ಅಂಕಿ, ಅದರ ಬಲಕ್ಕೆ ‘ಬೇಸ್ ಸ್ಪೀಡ್’ ಎಂದು ಇನ್ನೊಂದು. ಏನೂ ಮಾಡದೆ ಎರಡು ನಿಮಿಷ ನೋಡುತ್ತಾ ಕೂತರೂ ಮೊದಲನೆಯದು ಒಂದು ಕಡೆ ನಿಲ್ಲುವುದಿಲ್ಲ. ಸುಮ್ಮನಿದ್ದಾಗ ಒಂದು ಗಿಗಾಹರ್ಟ್ಸ್ ಆಸುಪಾಸು, ಬ್ರೌಸರ್ ತೆರೆದ ಕ್ಷಣ ಮೂರಕ್ಕೂ ಮೇಲೆ, ಮತ್ತೆ ಇಳಿತ. ಬೇಸ್ ಸ್ಪೀಡ್ ಮಾತ್ರ ಕದಲದೆ ಕೂತಿರುತ್ತದೆ. ಬಿಸಿ, ಫ್ಯಾನಿನ ಸದ್ದು, ಬ್ಯಾಟರಿ ಬೇಗ ಮುಗಿಯುವುದು, ಈ ಮೂರೂ ದೂರುಗಳ ಬೇರು ಆ ಮೊದಲನೇ ಅಂಕಿಯ ಏರಿಳಿತದಲ್ಲೇ ಇದೆ.

ಬೇಸ್ ಸ್ಪೀಡ್ ಎಂದರೆ, ಪ್ರೊಸೆಸರಿಗೆ ನಿಗದಿಯಾದ ವ್ಯಾಟ್‌ಗಳೊಳಗೆ ಎಲ್ಲ ಕೋರ್‌ಗಳೂ (ಲೆಕ್ಕ ಮಾಡುವ ಒಳಘಟಕಗಳು) ಎಡೆಬಿಡದೆ ಓಡಬಲ್ಲ ವೇಗ. ಅದಕ್ಕಿಂತ ಮೇಲಿನದೆಲ್ಲ ಟರ್ಬೋ, ಎಎಂಡಿಯವರ ಮಾತಿನಲ್ಲಿ ಬೂಸ್ಟ್. ಇಂಟೆಲ್‌ನ ಐ5-8250ಯು ತೆಗೆದುಕೊಳ್ಳಿ. 2017ರಲ್ಲಿ ಬಂದದ್ದು, ಇವತ್ತಿಗೂ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ನಾಲ್ಕು ಕೋರ್, 15 ವ್ಯಾಟ್, ಬೇಸ್ 1.6, ಟರ್ಬೋ 3.4 ಗಿಗಾಹರ್ಟ್ಸ್. ಡಬ್ಬದ ಮೇಲೆ ಅಚ್ಚಾಗುವುದು 3.4. ಅಷ್ಟು ವೇಗದಲ್ಲಿ ಅದು ಓಡುವುದು ಸ್ವಲ್ಪ ಹೊತ್ತು, ಅದೂ ಬಹುಮಟ್ಟಿಗೆ ಒಂದು ಕೋರ್ ಮೇಲೆ.

ಆ ಸ್ವಲ್ಪ ಹೊತ್ತಿಗೂ ಒಂದು ಲೆಕ್ಕವಿದೆ. ಪ್ರೊಸೆಸರಿಗೆ ಎರಡು ವಿದ್ಯುತ್ ಮಿತಿ: ದೀರ್ಘಕಾಲದ್ದು ಪಿಎಲ್1, ಅಲ್ಪಕಾಲದ್ದು ಪಿಎಲ್2. ಕೆಲಸ ಬಿದ್ದಾಗ ಮೊದಲು ಪಿಎಲ್2 ವರೆಗೆ ನುಗ್ಗುತ್ತದೆ, ನಿಗದಿತ ಅವಧಿ ಮುಗಿದ ಮೇಲೆ ಪಿಎಲ್1ಕ್ಕೆ ಇಳಿಯುತ್ತದೆ. ಆ ಅವಧಿ ತಯಾರಕರು ಇಟ್ಟಂತೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ 28 ಸೆಕೆಂಡ್ ಇರುವುದು ಸಾಮಾನ್ಯ. ವೀಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಮೊದಲ ಅರ್ಧ ನಿಮಿಷ ಭರದಿಂದ ಸಾಗಿ ಆಮೇಲೆ ಕುಂಟಿದರೆ ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಅದು ಹಾಗೆಯೇ ಮಾಡಿರುವುದು.

ವೇಗ ಏರಿದಂತೆ ವ್ಯಾಟ್ ಅದೇ ಪ್ರಮಾಣದಲ್ಲಿ ಏರಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಚಿಪ್ ನುಂಗುವ ವಿದ್ಯುತ್ತು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಹೆಚ್ಚುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಲೇಬೇಕು. ತಿರುಗಿಸಿ ನೋಡಿ: ವೇಗ 10 ಶೇಕಡ ಇಳಿಸಿ, ಅದರ ಜೊತೆ ವೋಲ್ಟೇಜೂ 10 ಶೇಕಡ ಇಳಿದರೆ 0.9 ಗುಣಿಸು 0.9 ಗುಣಿಸು 0.9, ಅಂದರೆ 0.73. ಹತ್ತು ಕಳೆದುಕೊಂಡದ್ದಕ್ಕೆ ಇಪ್ಪತ್ತೇಳು ಉಳಿತಾಯ. ಟರ್ಬೋದ ತುತ್ತತುದಿಯಲ್ಲಿ ಈ ವ್ಯಾಪಾರ ಇನ್ನೂ ಲಾಭದ್ದು, ಏಕೆಂದರೆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೇ ವೋಲ್ಟೇಜು ಸಿಕ್ಕಾಪಟ್ಟೆ ಬೇಕಾಗುತ್ತದೆ. ಹಾಗಾಗಿ ಮಾಡಬೇಕಾದ ಕೆಲಸ ಟರ್ಬೋವನ್ನು ಪೂರಾ ಕತ್ತರಿಸುವುದಲ್ಲ, ಅದರ ಜುಟ್ಟನ್ನಷ್ಟೇ ಕತ್ತರಿಸುವುದು.

ಮುಟ್ಟುವ ಮೊದಲು ಅಳೆಯಿರಿ

ಬದಲಾವಣೆ ಮಾಡಿ ‘ಈಗ ತಣ್ಣಗಿದೆ ಅನ್ನಿಸುತ್ತೆ’ ಎಂದರೆ ಆಗದು. ಬೇಕಾದ ಸಲಕರಣೆ ಎರಡೇ, ಎರಡೂ ಉಚಿತ. ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ತಾಪ ಮತ್ತು ವ್ಯಾಟ್ ತೋರಿಸುತ್ತದೆ. ತೆರೆಯುವಾಗ ‘ಸೆನ್ಸರ್ಸ್ ಓನ್ಲಿ’ ಆರಿಸಿ. ಇನ್ನೊಂದು 7-ಜಿಪ್. ಫೈಲು ಕುಗ್ಗಿಸಲು ಬಳಸುವ ಅದೇ ತಂತ್ರಾಂಶ. ಅದರ ಟೂಲ್ಸ್ ಮೆನುವಿನಲ್ಲಿರುವ ‘ಬೆಂಚ್‌ಮಾರ್ಕ್’ ಎಲ್ಲ ಕೋರ್‌ಗಳನ್ನೂ ದುಡಿಸಿ ಅಂಕ ಕೊಡುತ್ತದೆ.

ಚಾರ್ಜರ್ ಹಾಕಿ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹತ್ತು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಬೆಂಚ್‌ಮಾರ್ಕ್ ಹತ್ತು ನಿಮಿಷ ಓಡಲಿ. ಬರೆದುಕೊಳ್ಳಬೇಕಾದ್ದು ಐದು: ಸುಮ್ಮನಿದ್ದಾಗಿನ ತಾಪ, ಕೆಲಸದಲ್ಲಿನ ಗರಿಷ್ಠ ತಾಪ, ‘ಸಿಪಿಯು ಪ್ಯಾಕೇಜ್ ಪವರ್’ ಕೊನೆಗೆ ಎಷ್ಟು ವ್ಯಾಟ್‌ಗೆ ನಿಂತಿತು, ಕೊನೆಯಲ್ಲಿ ವೇಗ ಎಷ್ಟಿತ್ತು, 7-ಜಿಪ್ ಅಂಕ ಎಷ್ಟು. ಜೊತೆಗೆ ಕೋಣೆಯ ತಾಪವನ್ನೂ ಬರೆದಿಡಿ. ಇದು ಅತಿಯಾಯಿತು ಅನ್ನಿಸಬಹುದು, ಆದರೆ ಅದೇ ವ್ಯಾಟ್, ಅದೇ ಫ್ಯಾನ್ ವೇಗದಲ್ಲಿ ಕೋಣೆ ಎಷ್ಟು ಡಿಗ್ರಿ ಏರಿತೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ 82 ಡಿಗ್ರಿಗೆ ನಿಂತ ಯಂತ್ರ ಮೇ ತಿಂಗಳ ರಾಯಚೂರಿನಲ್ಲಿ 95 ದಾಟಿದರೆ ಸೆಟ್ಟಿಂಗನ್ನು ಬೈಯ್ದು ಪ್ರಯೋಜನವಿಲ್ಲ.

ಎಚ್‌ಡಬ್ಲ್ಯೂಇನ್ಫೋದ ಪಟ್ಟಿಯಲ್ಲಿ ಇಂಟೆಲ್ ಯಂತ್ರಗಳಿಗೆ ‘ಥರ್ಮಲ್ ಥ್ರಾಟ್ಲಿಂಗ್’ ಮತ್ತು ‘ಪವರ್ ಲಿಮಿಟ್ ಎಕ್ಸೀಡೆಡ್’ ಎಂಬ ಸಾಲುಗಳಿರುತ್ತವೆ, ಎದುರಿಗೆ ಯೆಸ್ ಅಥವಾ ನೋ. ಎಲ್ಲಕ್ಕಿಂತ ಉಪಯೋಗದ ಸಾಲುಗಳು ಇವೇ. ಎರಡನೆಯದು ಮಾತ್ರ ‘ಯೆಸ್’ ಎಂದರೆ ವಿದ್ಯುತ್ ಮಿತಿ ಮುಟ್ಟಿ ವೇಗ ಇಳಿದಿದೆ, ಅದು ಸಹಜ. ಮೊದಲನೆಯದು ‘ಯೆಸ್’ ಎಂದರೆ ಬಿಸಿ ತಾಳಲಾರದೆ ಇಳಿಸಿದೆ. ಬಹಳಷ್ಟು ಇಂಟೆಲ್ ಚಿಪ್‌ಗಳು 100 ಡಿಗ್ರಿಗೆ, ರೈಜನ್ 5 5500ಯು ತರಹದವು 105ಕ್ಕೆ ತಮ್ಮನ್ನು ತಾವೇ ಹಿಡಿದುಕೊಳ್ಳುತ್ತವೆ. ಚಿಪ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಆದರೆ ದಿನವಿಡೀ ಆ ಅಂಚಿನಲ್ಲೇ ಓಡಿದರೆ ಪಕ್ಕದಲ್ಲಿರುವ ಬ್ಯಾಟರಿಗೂ ಫ್ಯಾನಿಗೂ ಒಳ್ಳೆಯದಲ್ಲ.

ಇದೇ ಹೊತ್ತಿಗೆ ಇನ್ನೊಂದನ್ನೂ ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ನಿಧಾನ ಎಂಬುದೇ ದೂರಾಗಿದ್ದರೆ, ನಿಧಾನವಾದಾಗ ಟಾಸ್ಕ್ ಮ್ಯಾನೇಜರಿನಲ್ಲಿ ಯಾವುದು ನೂರು ಮುಟ್ಟಿದೆ? ಡಿಸ್ಕ್ ಆಗಿದ್ದರೆ, ಅಥವಾ 4 ಜಿಬಿ ಮೆಮೊರಿ ತುಂಬಿ ತುಳುಕುತ್ತಿದ್ದರೆ ಪ್ರೊಸೆಸರ್ ಸೆಟ್ಟಿಂಗಿನಿಂದ ನಯಾಪೈಸೆಯ ಲಾಭವಿಲ್ಲ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅಲ್ಲಿಗೆ ಮುಗಿಯಿತು.

ಮೊದಲು ತಯಾರಕರ ಕೀಲಿ, ಆಮೇಲೆ ವಿಂಡೋಸ್

ಬಹಳ ಜನ ನೇರವಾಗಿ ಕಂಟ್ರೋಲ್ ಪ್ಯಾನೆಲ್‌ಗೆ ನುಗ್ಗುತ್ತಾರೆ. ಅದಕ್ಕೂ ಮೇಲಿನ ಅಧಿಕಾರ ಇರುವುದು ತಯಾರಕರ ಮೋಡ್‌ಗಳಿಗೆ. ಲೆನೊವೊದ ಹಲವು ಮಾದರಿಗಳಲ್ಲಿ ಎಫ್‌ಎನ್ ಮತ್ತು ಕ್ಯೂ ಒಟ್ಟಿಗೆ ಒತ್ತಿದರೆ ಮೋಡ್ ಬದಲಾಗುತ್ತದೆ. ಡೆಲ್, ಎಚ್‌ಪಿ, ಆಸುಸ್‌ನವಕ್ಕೆ ಅವುಗಳದೇ ಆ್ಯಪ್‌ಗಳಿವೆ, ಕ್ವಯಟ್, ಕೂಲ್, ಪರ್ಫಾರ್ಮೆನ್ಸ್ ಎಂಬಂಥ ಹೆಸರುಗಳಲ್ಲಿ. ಇವು ಪಿಎಲ್1, ಪಿಎಲ್2 ಮತ್ತು ಫ್ಯಾನಿನ ವೇಗವನ್ನು ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ತಂತ್ರಾಂಶ) ಮಟ್ಟದಲ್ಲೇ ಬದಲಿಸುತ್ತವೆ. ಪರ್ಫಾರ್ಮೆನ್ಸ್ ಮೋಡ್ ಇಲ್ಲಿ ಹಾಕಿಟ್ಟು, ವಿಂಡೋಸ್‌ನಲ್ಲಿ ಉಳಿತಾಯ ಆರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. ಬರವಣಿಗೆ, ಬ್ರೌಸಿಂಗ್, ಮೀಟಿಂಗ್‌ಗಳೇ ದಿನದ ಕೆಲಸವಾದರೆ ಇಲ್ಲಿ ಕ್ವಯಟ್ ಆರಿಸಿ ಒಂದು ದಿನ ಬಳಸಿ ನೋಡಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ, ಮುಂದೆ ಓದುವುದೂ ಬೇಕಾಗುವುದಿಲ್ಲ.

ಮುಂದಿನದು ವಿಂಡೋಸ್ 11ರ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ, ಅದರೊಳಗೆ ‘ಪವರ್ ಮೋಡ್’. ವಿಂಡೋಸ್ 10ರಲ್ಲಿ ಕೆಳಮೂಲೆಯ ಬ್ಯಾಟರಿ ಚಿತ್ರ ಒತ್ತಿದಾಗ ಬರುವ ಜಾರುಗುಂಡಿಯೂ ಅದೇ. (ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದು ಬೇರೆ ಚಿಂತೆ.) ಬೆಸ್ಟ್ ಪವರ್ ಎಫಿಶಿಯೆನ್ಸಿ, ಬ್ಯಾಲೆನ್ಸ್ಡ್, ಬೆಸ್ಟ್ ಪರ್ಫಾರ್ಮೆನ್ಸ್ ಎಂದು ಮೂರು ಆಯ್ಕೆ. ಇದು ವೇಗಕ್ಕೆ ಮಿತಿ ಹಾಕುವುದಕ್ಕಿಂತ ಹೆಚ್ಚಾಗಿ, ಎಷ್ಟು ಆತುರದಿಂದ ಟರ್ಬೋಗೆ ಏರಬೇಕು ಎಂದು ಪ್ರೊಸೆಸರಿಗೆ ಸೂಚಿಸುತ್ತದೆ. 2015ರ ಸ್ಕೈಲೇಕ್ ತಲೆಮಾರಿನಿಂದೀಚೆಗೆ ಇಂಟೆಲ್ ಚಿಪ್‌ಗಳು ವೇಗವನ್ನು ತಾವೇ ನಿರ್ಧರಿಸುತ್ತವೆ. ಸ್ಪೀಡ್ ಶಿಫ್ಟ್ ಎಂದು ಅದರ ಹೆಸರು. ಆಪರೇಟಿಂಗ್ ಸಿಸ್ಟಮ್ ಕೊಡುವುದು ಸಲಹೆ ಮಾತ್ರ. ಬ್ಯಾಟರಿಯ ಮೇಲೆ ಎಫಿಶಿಯೆನ್ಸಿ, ಚಾರ್ಜರ್ ಮೇಲೆ ಬ್ಯಾಲೆನ್ಸ್ಡ್ ಇಟ್ಟರೆ ಹೆಚ್ಚಿನವರಿಗೆ ಸರಿಹೋಗುತ್ತದೆ.

ಪವರ್ ಮೋಡ್ ಬೂದುಬಣ್ಣಕ್ಕೆ ತಿರುಗಿ ಬದಲಾಯಿಸಲು ಬಾರದಿದ್ದರೆ, ಹಿಂದೆ ಯಾರೋ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಹೈ ಪರ್ಫಾರ್ಮೆನ್ಸ್’ ಪ್ಲಾನ್ ಹಾಕಿಟ್ಟಿದ್ದಾರೆ ಎಂದರ್ಥ. ಬ್ಯಾಲೆನ್ಸ್ಡ್ ಪ್ಲಾನ್‌ಗೆ ಮರಳಿದರೆ ಮೋಡ್ ಮತ್ತೆ ಜೀವ ಪಡೆಯುತ್ತದೆ. ‘ಅಲ್ಟಿಮೇಟ್ ಪರ್ಫಾರ್ಮೆನ್ಸ್’ ಎಂಬ ಇನ್ನೊಂದು ಪ್ಲಾನನ್ನು ಹೊರಗೆಳೆದು ಹಾಕಿಕೊಳ್ಳಿ ಎನ್ನುವ ವೀಡಿಯೋಗಳು ಬೇಕಾದಷ್ಟಿವೆ. ಅದು ವರ್ಕ್‌ಸ್ಟೇಷನ್‌ಗಳಿಗಾಗಿ 2018ರಲ್ಲಿ ಬಂದದ್ದು. ಲ್ಯಾಪ್‌ಟಾಪಿನಲ್ಲಿ ಅದರಿಂದ ಸಿಗುವುದು ಸುಮ್ಮನಿದ್ದಾಗಲೂ ಬಿಸಿ, ಅಷ್ಟೇ.

99 ಶೇಕಡದ ಉಪಾಯ ಎಲ್ಲಿ ಕೈಕೊಡುತ್ತದೆ

ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಷನ್ಸ್, ಬ್ಯಾಲೆನ್ಸ್ಡ್ ಎದುರಿನ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ಅಲ್ಲಿಂದ ‘ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್’. ಚಿಕ್ಕ ಕಿಟಕಿಯೊಂದು ಬರುತ್ತದೆ. ಕೆಳಗೆ ಸರಿಸಿ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಬಿಡಿಸಿದರೆ ಸಾಮಾನ್ಯವಾಗಿ ಮೂರು ಸಾಲು, ಪ್ರತಿಯೊಂದಕ್ಕೂ ‘ಆನ್ ಬ್ಯಾಟರಿ’ ಮತ್ತು ‘ಪ್ಲಗ್ಡ್ ಇನ್’ ಎಂದು ಎರಡು ಬೆಲೆ.

‘ಮಿನಿಮಮ್ ಪ್ರೊಸೆಸರ್ ಸ್ಟೇಟ್’ 5 ಶೇಕಡ ಇರುತ್ತದೆ, ಹಾಗೇ ಬಿಡಿ. ಇದನ್ನು 100 ಮಾಡಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬುದು ಬರೀ ನಂಬಿಕೆ. ಇಂದಿನ ಚಿಪ್ ಕೆಳಗಿಂದ ಮೇಲಕ್ಕೆ ಏರಲು ತೆಗೆದುಕೊಳ್ಳುವುದು ಕೆಲವೇ ಮಿಲಿಸೆಕೆಂಡ್, ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ‘ಸಿಸ್ಟಮ್ ಕೂಲಿಂಗ್ ಪಾಲಿಸಿ’ಯಲ್ಲಿ ಆ್ಯಕ್ಟಿವ್ ಎಂದರೆ ಮೊದಲು ಫ್ಯಾನ್ ಜೋರು, ಆಮೇಲೆ ವೇಗ ಇಳಿಕೆ, ಪ್ಯಾಸಿವ್ ಎಂದರೆ ಅದರ ತಿರುವುಮುರುವು. ಫ್ಯಾನಿನ ಹಿಡಿತ ಪೂರ್ತಿ ಫರ್ಮ್‌ವೇರ್ ಕೈಯಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ಇದರಿಂದ ಹೆಚ್ಚೇನೂ ಆಗದು.

ಉಳಿದದ್ದು ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’. ಇದನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೋ ಪೂರ್ತಿ ನಿಲ್ಲುತ್ತದೆ. ಒಂದೇ ಶೇಕಡ ಅಲ್ಲವೇ ಎಂದರೆ ಅಲ್ಲ. ಇಲ್ಲಿನ ಶೇಕಡ ಲೆಕ್ಕವಾಗುವುದು ಬೇಸ್ ವೇಗದ ಮೇಲೆ. ನೂರಕ್ಕಿಂತ ಕಡಿಮೆಯಾದ ಕೂಡಲೇ ಟರ್ಬೋದ ಬಾಗಿಲು ಮುಚ್ಚುತ್ತದೆ. ಅಂತರ್ಜಾಲದಲ್ಲಿ ಎಲ್ಲಿ ನೋಡಿದರೂ ಸಿಗುವ ಸಲಹೆ ಇದೇ, ಹಳೇ ಯಂತ್ರಗಳಿಗೆ ಸರಿಯಾಗಿಯೂ ಇತ್ತು. ಐ5-7200ಯುಗೆ ಬೇಸ್ 2.5, ಟರ್ಬೋ 3.1, ಟರ್ಬೋ ಹೋದರೆ ನಷ್ಟ ಐದರಲ್ಲೊಂದು ಪಾಲು. ಅದರ ಮರುವರ್ಷದ 8250ಯು ಅದೇ 15 ವ್ಯಾಟ್‌ನಲ್ಲಿ ಎರಡರ ಬದಲು ನಾಲ್ಕು ಕೋರ್ ತುಂಬಿಸಿತು, ಅದಕ್ಕಾಗಿ ಬೇಸ್ 1.6ಕ್ಕೆ ಇಳಿಯಿತು. ಅಲ್ಲಿ 99 ಹಾಕಿದರೆ 3.4 ಇದ್ದದ್ದು 1.6. ಅರ್ಧಕ್ಕಿಂತ ಹೆಚ್ಚು ಹೋಯಿತು. ಲ್ಯಾಪ್‌ಟಾಪ್ ತಣ್ಣಗಾಯಿತು ನಿಜ, ಆದರೆ ವೆಬ್ ಪುಟವೂ ತೂಕಡಿಸುತ್ತಾ ತೆರೆಯುತ್ತದೆ. ಹಾಗಾಗಿ ನಿಮ್ಮ ಟಾಸ್ಕ್ ಮ್ಯಾನೇಜರಿನ ಬೇಸ್ ಸ್ಪೀಡ್ 2.5ಕ್ಕಿಂತ ಮೇಲಿದ್ದರೆ 99 ಒಳ್ಳೆಯ ಉಪಾಯ. 2ಕ್ಕಿಂತ ಕೆಳಗಿದ್ದರೆ ಅದನ್ನು ಕರೆಂಟ್ ಹೋದಾಗಿನ ಆಪತ್ಕಾಲಕ್ಕೆ ಮಾತ್ರ ಇಟ್ಟುಕೊಳ್ಳಿ.

ಮೆಗಾಹರ್ಟ್ಸ್‌ನಲ್ಲೇ ಮಿತಿ ಹಾಕುವುದು

ವಿಂಡೋಸ್ ಇದಕ್ಕಿಂತ ಒಳ್ಳೆಯ ಹಿಡಿಕೆಯೊಂದನ್ನು ಬಚ್ಚಿಟ್ಟಿದೆ: ‘ಮ್ಯಾಕ್ಸಿಮಮ್ ಪ್ರೊಸೆಸರ್ ಫ್ರೀಕ್ವೆನ್ಸಿ’. ಬೇಸ್‌ಗೂ ಟರ್ಬೋಗೂ ನಡುವೆ ಬೇಕಾದ ಕಡೆ ನಿಲ್ಲಿಸಬಹುದು. ಅದು ಕಾಣುವಂತೆ ಮಾಡಲು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಜಾಗ) ಮುಟ್ಟಬೇಕು, ಹೆದರಿಕೆ ಬೇಡ, ಆದರೆ ಹೇಳಿದ್ದಷ್ಟನ್ನೇ ಮುಟ್ಟಿ.

ಸ್ಟಾರ್ಟ್ ಮೆನುವಿನಲ್ಲಿ ರಿಜಿಸ್ಟ್ರಿ ಎಡಿಟರ್ ಹುಡುಕಿ ತೆರೆಯಿರಿ. ಎಡಗಡೆ ಎಚ್‌ಕೀ ಲೋಕಲ್ ಮಷೀನ್, ಅದರೊಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಪವರ್, ಪವರ್ ಸೆಟ್ಟಿಂಗ್ಸ್, ಹೀಗೆ ಒಂದರೊಳಗೊಂದು ಬಿಡಿಸುತ್ತಾ ಹೋಗಿ. ಕೊನೆಯಲ್ಲಿ ಉದ್ದುದ್ದ ಅಂಕಿ-ಅಕ್ಷರಗಳ ಹೆಸರಿನ ಫೋಲ್ಡರ್‌ಗಳು ಸಾಲಾಗಿ ಸಿಗುತ್ತವೆ. 54533251 ಎಂದು ಶುರುವಾಗುವುದು ಪ್ರೊಸೆಸರಿನದು. ಅದರ ಮೇಲೆ ಬಲಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಬಿಡಿಸಿ, ಒಳಗೆ 75ಬಿ0ಎಇ3ಎಫ್ ಎಂದು ಶುರುವಾಗುವ ಫೋಲ್ಡರ್ ಹುಡುಕಿ. ಕೊನೆಯ ನಾಲ್ಕು ಸ್ಥಾನ ಇ100 ಇರಬೇಕು. ಅದನ್ನು ಒತ್ತಿದರೆ ಬಲಗಡೆ ‘ಆಟ್ರಿಬ್ಯೂಟ್ಸ್’ ಎಂಬ ಸಾಲು, ಬೆಲೆ 1. ಎರಡು ಸಲ ಕ್ಲಿಕ್ ಮಾಡಿ 2 ಮಾಡಿ. 1 ಎಂದರೆ ಮರೆ, 2 ಎಂದರೆ ಕಾಣಿಸು. ಕಂಪ್ಯೂಟರ್ ರೀಸ್ಟಾರ್ಟ್ ಬೇಕಿಲ್ಲ. ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದರೆ ಹೊಸ ಸಾಲು ಬಂದಿರುತ್ತದೆ.

ಇ100 ಪಕ್ಕದಲ್ಲೇ ಇ101 ಎಂದು ಮುಗಿಯುವ ಅವಳಿ ಫೋಲ್ಡರ್ ಇರುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದೀಚಿನ, ದೊಡ್ಡ ಕೋರ್ ಸಣ್ಣ ಕೋರ್ ಎರಡೂ ಇರುವ ಚಿಪ್ ನಿಮ್ಮದಾದರೆ ಅದನ್ನೂ 2 ಮಾಡಬೇಕು. ಅಲ್ಲಿ ಇ100 ಹಿಡಿಯುವುದು ಸಣ್ಣ ಕೋರ್‌ಗಳನ್ನು, ಇ101 ದೊಡ್ಡವನ್ನು. ಮೊದಲನೆಯದಕ್ಕೆ ಮಾತ್ರ ಮಿತಿ ಹಾಕಿ ‘ಏನೂ ಬದಲಾಗಲೇ ಇಲ್ಲ’ ಎಂದು ತಲೆ ಕೆರೆದುಕೊಳ್ಳುವವರು ತಪ್ಪುವುದೇ ಇಲ್ಲಿ. ಅಡ್ವಾನ್ಸ್ಡ್ ಕಿಟಕಿಯಲ್ಲಿ ‘ಎಫಿಶಿಯೆನ್ಸಿ ಕ್ಲಾಸ್ 1’ ಎಂದು ಹೆಸರಿನ ಕೊನೆಗೆ ಇರುವುದೇ ದೊಡ್ಡ ಕೋರ್‌ಗಳದ್ದು.

ಬೆಲೆ ಮೆಗಾಹರ್ಟ್ಸ್‌ನಲ್ಲಿ. 0 ಎಂದರೆ ಮಿತಿಯಿಲ್ಲ, ನಿಲ್ಲಿಸು ಎಂದಲ್ಲ. ಎಷ್ಟು ಹಾಕಬೇಕು? ಬೇಸ್ ಮತ್ತು ಟರ್ಬೋಗಳ ನಡುಮಧ್ಯದಿಂದ ಶುರುಮಾಡಿ. 8250ಯುಗೆ ಅದು 2500. ‘ಪ್ಲಗ್ಡ್ ಇನ್’ಗೆ ಹಾಕಿ, ಅಪ್ಲೈ ಕೊಟ್ಟು, ಮತ್ತೆ ಹತ್ತು ನಿಮಿಷದ 7-ಜಿಪ್ ಓಡಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ವೇಗ 2.5 ದಾಟದಿದ್ದರೆ ಮಿತಿ ಹಿಡಿದಿದೆ. ಈಗ ಹಳೇ ಅಂಕಿಗಳ ಪಕ್ಕ ಹೊಸವನ್ನು ಬರೆಯಿರಿ. ಪಿಎಲ್1ರ 15 ವ್ಯಾಟ್‌ನಲ್ಲಿ ಎಲ್ಲ ಕೋರ್ ದುಡಿಯುವಾಗ ಈ ಚಿಪ್ ಹೇಗೂ 3.4ರಲ್ಲಿ ನಿಲ್ಲಲಾರದು, ಆದ್ದರಿಂದ ಹತ್ತು ನಿಮಿಷದ ಕೊನೆಯ ಅಂಕದಲ್ಲಿ ನಷ್ಟ ನೀವು ಹೆದರಿದ್ದಕ್ಕಿಂತ ಕಡಿಮೆ. ಇಳಿಯುವುದು ಮೊದಲ ಅರ್ಧ ನಿಮಿಷದ ನುಗ್ಗಾಟ, ಅದರ ಜೊತೆ ಬರುವ ಫ್ಯಾನಿನ ಬೊಬ್ಬೆ. ದಿನದ ಕೆಲಸದಲ್ಲಿ ಮಂದ ಅನ್ನಿಸಿದರೆ 200 ಏರಿಸಿ, ಇನ್ನೂ ಬಿಸಿ ಅನ್ನಿಸಿದರೆ 200 ಇಳಿಸಿ. ಎರಡು ಮೂರು ಸುತ್ತಿನಲ್ಲಿ ಹದ ಸಿಗುತ್ತದೆ. ಬ್ಯಾಟರಿಯ ಬೆಲೆಯನ್ನು ಇದಕ್ಕಿಂತ 300–400 ಕಡಿಮೆ ಇಟ್ಟರಾಯಿತು.

ಮಿತಿಯನ್ನು ಲೆಕ್ಕಿಸದೆ ಯಂತ್ರ ಮೇಲೇರಿದರೆ ಇನ್ನೊಂದು ದಾರಿಯಿದೆ. ಅದೇ 54533251ರೊಳಗೆ ಬಿಇ337238 ಎಂದು ಶುರುವಾಗುವ ಫೋಲ್ಡರಿನ ಆಟ್ರಿಬ್ಯೂಟ್ಸನ್ನು 2 ಮಾಡಿದರೆ ‘ಪ್ರೊಸೆಸರ್ ಪರ್ಫಾರ್ಮೆನ್ಸ್ ಬೂಸ್ಟ್ ಮೋಡ್’ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ‘ಅಗ್ರೆಸಿವ್’ ಬದಲು ‘ಎಫಿಶಿಯೆಂಟ್ ಎನೇಬಲ್ಡ್’ ಆರಿಸಿ ನೋಡಿ. ‘ಡಿಸೇಬಲ್ಡ್’ ಆರಿಸಿದರೆ 99 ಶೇಕಡದ ಪರಿಣಾಮವೇ. ಇನ್ನು ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಸಾಲೇ ಕಾಣುವುದಿಲ್ಲ. ಅದೂ ಹೀಗೇ ಮರೆಯಲ್ಲಿರುತ್ತದೆ, ಬಿಸಿ5038ಎಫ್7 ಎಂಬ ಹೆಸರಿನಲ್ಲಿ.

ಬ್ಯಾಟರಿಯ ನಿಜವಾದ ಲೆಕ್ಕ

ಪ್ರೊಸೆಸರಿಗೆ ಲಗಾಮು ಹಾಕಿದ ಕೂಡಲೇ ಬ್ಯಾಟರಿ ಎರಡು ಪಟ್ಟು ಬರುತ್ತದೆ ಎಂದುಕೊಂಡರೆ ನಿರಾಸೆ ಖಂಡಿತ. 42 ವ್ಯಾಟ್-ಅವರ್ ಬ್ಯಾಟರಿ ಇದ್ದು ಲ್ಯಾಪ್‌ಟಾಪ್ ಒಟ್ಟು 7 ವ್ಯಾಟ್ ತಿಂದರೆ ಆರು ಗಂಟೆ, 14 ತಿಂದರೆ ಮೂರು. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡುತ್ತಾ ಕೂತಾಗ ಆ ಏಳರಲ್ಲಿ ಪ್ರೊಸೆಸರಿನ ಪಾಲು ಸಣ್ಣದು, ಪರದೆಯದೇ ದೊಡ್ಡದು. ಅಲ್ಲಿ ವೇಗ ಮಿತಿಯಿಂದ ಉಳಿಯುವುದು ಅಷ್ಟಕ್ಕಷ್ಟೇ; ಬ್ರೈಟ್‌ನೆಸ್ ಇಳಿಸಿ, ಪರದೆ 120 ಹರ್ಟ್ಸ್ ಇದ್ದರೆ 60 ಮಾಡಿ. ಮಿತಿ ಉಪಯೋಗಕ್ಕೆ ಬರುವುದು ವೀಡಿಯೋ ಮೀಟಿಂಗ್, ಹತ್ತಾರು ಟ್ಯಾಬ್‌ಗಳ ಬ್ರೌಸರ್, ಕೋಡ್ ಬಿಲ್ಡ್ ಇಂಥವುಗಳಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ, ಮೀಟಿಂಗ್ ಇನ್ನೂ ಒಂದೂವರೆ ಗಂಟೆ ಬಾಕಿಯಿದ್ದಾಗ ‘ಆನ್ ಬ್ಯಾಟರಿ’ ಸಾಲಿನಲ್ಲಿ ಮೊದಲೇ ಬರೆದಿಟ್ಟ 1800 ಕೈಹಿಡಿಯುತ್ತದೆ.

ಬ್ಯಾಟರಿ ಮೇಲೆ ಓಡುವಾಗ ಎಚ್‌ಡಬ್ಲ್ಯೂಇನ್ಫೋದ ಬ್ಯಾಟರಿ ಭಾಗದಲ್ಲಿ ‘ಚಾರ್ಜ್ ರೇಟ್’ ಋಣ ಸಂಖ್ಯೆಯಲ್ಲಿರುತ್ತದೆ. ಇಡೀ ಲ್ಯಾಪ್‌ಟಾಪ್ ಆ ಕ್ಷಣ ನುಂಗುತ್ತಿರುವ ವ್ಯಾಟ್ ಅದೇ. ಪ್ರತಿ ಬದಲಾವಣೆಯನ್ನೂ ಅದರ ಮೇಲೆಯೇ ತೂಗಿ ನೋಡಿ. ಅದು ಕಡಿಮೆಯಿದ್ದೂ ಬ್ಯಾಟರಿ ಗಂಟೆಯೊಳಗೆ ಮುಗಿದರೆ ದೋಷ ಬ್ಯಾಟರಿಯದು. ಅದೇ ಭಾಗದಲ್ಲಿ ‘ಡಿಸೈನ್ಡ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ಡ್ ಕೆಪ್ಯಾಸಿಟಿ’ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಬಂದಿದ್ದರೆ ಹೊಸದು ತರುವುದೊಂದೇ ಪರಿಹಾರ.

ಲಿನಕ್ಸ್‌ನಲ್ಲಿ

ಉಬುಂಟು 22.04ರಿಂದೀಚೆಗೆ ಮೇಲಿನ ಬಲಮೂಲೆಯ ಮೆನುವಿನಲ್ಲೇ ಪವರ್ ಸೇವರ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್ ಇವೆ. ಮೂರನೆಯದು ಎಲ್ಲ ಯಂತ್ರದಲ್ಲೂ ಇರುವುದಿಲ್ಲ. ಇನ್ನೂ ಬಿಗಿ ಬೇಕೆಂದರೆ ಟಿಎಲ್‌ಪಿ ಎಂಬ ವಿದ್ಯುತ್ ಉಳಿಸುವ ತಂತ್ರಾಂಶ ಹಾಕಿಕೊಳ್ಳಬಹುದು. ಅದರ ಕಾನ್ಫಿಗ್ ಫೈಲಿನಲ್ಲಿ ಬ್ಯಾಟರಿ ಮೇಲಿನ ‘ಸಿಪಿಯು ಬೂಸ್ಟ್’ ಸಾಲಿನ ಮುಂದಿರುವ # ಅಳಿಸಿ ಬೆಲೆ 0, ಚಾರ್ಜರ್ ಮೇಲಿನ ಅದೇ ಸಾಲಿಗೂ # ಅಳಿಸಿ 1 ಕೊಟ್ಟರೆ ಬ್ಯಾಟರಿಯಲ್ಲಿ ಟರ್ಬೋ ಬಂದ್, ಚಾರ್ಜರ್ ಹಾಕಿದಾಗ ವಾಪಸ್. ಗರಿಷ್ಠ ವೇಗದ ಸಾಲೂ ಅಲ್ಲೇ ಇದೆ, ಬೆಲೆ ಕಿಲೋಹರ್ಟ್ಸ್‌ನಲ್ಲಿ: 2.4 ಗಿಗಾಹರ್ಟ್ಸ್ ಎಂದರೆ 2400000, ಸೊನ್ನೆ ಎಣಿಸಿ ಹಾಕಿ. ಟಿಎಲ್‌ಪಿ ಮತ್ತು ಉಬುಂಟುವಿನ ಪವರ್ ಪ್ರೊಫೈಲ್ಸ್ ಡೀಮನ್ (ಮೇಲಿನ ಮೆನುವಿನ ಹಿಂದೆ ಕೆಲಸ ಮಾಡುವ ತಂತ್ರಾಂಶ) ಎರಡನ್ನೂ ಒಟ್ಟಿಗೆ ಇಡಬೇಡಿ, ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ.

ಇಂಟೆಲ್ ಯಂತ್ರದಲ್ಲಿ ಗವರ್ನರ್ (ವೇಗ ಹೇಗೆ ಏರಿಳಿಯಬೇಕೆಂಬ ನೀತಿ) ಹೆಸರು ‘ಪವರ್‌ಸೇವ್’ ಎಂದು ತೋರಿಸಿದರೆ ಬೆಚ್ಚಬೇಡಿ. ಇಂಟೆಲ್‌ನ ಪಿ-ಸ್ಟೇಟ್ ಚಾಲಕದಲ್ಲಿ ಆ ಹೆಸರಿಗೆ ಸದಾ ಕನಿಷ್ಠ ವೇಗ ಎಂಬ ಅರ್ಥವಿಲ್ಲ, ಕೆಲಸಕ್ಕೆ ತಕ್ಕಂತೆ ಏರಿಳಿಯುತ್ತದೆ. ಹೆಸರು ನೋಡಿ ಅದನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿ ಬಿಸಿ ತಂದುಕೊಳ್ಳುವವರು ಬಹಳ.

ಮ್ಯಾಕ್‌ಬುಕ್‌ನಲ್ಲಿ ಇಷ್ಟೆಲ್ಲ ಆಯ್ಕೆಯಿಲ್ಲ. 2021ರ ಮಾಂಟೆರೆಯಿಂದ ಬ್ಯಾಟರಿ ಸೆಟ್ಟಿಂಗಿನಲ್ಲಿ ‘ಲೋ ಪವರ್ ಮೋಡ್’ ಇದೆ, ಹಾಕಿ ಮುಂದೆ ಹೋಗಿ.

ವೋಲ್ಟೇಜ್ ಇಳಿಸುವ ಮಾತು

ವೇಗ ಹಾಗೇ ಉಳಿಸಿ ವೋಲ್ಟೇಜ್ ಮಾತ್ರ ಇಳಿಸುವುದು ಅಂಡರ್‌ವೋಲ್ಟಿಂಗ್. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಪಾಯವಿಲ್ಲ. ಆದರೆ 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾಯಿತು. ಇದೇ ವೋಲ್ಟೇಜ್ ಹಿಡಿಕೆಯನ್ನು ಬಳಸಿ ಇಂಟೆಲ್ ಚಿಪ್‌ನ ಸುರಕ್ಷಿತ ಭಾಗದಲ್ಲಿ ತಪ್ಪು ಲೆಕ್ಕ ಮಾಡಿಸಬಹುದಿತ್ತು. ಆಮೇಲಿನ ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್‌ಗಳಲ್ಲಿ ಬಹುತೇಕ ತಯಾರಕರು ಅದಕ್ಕೆ ಬೀಗ ಹಾಕಿದರು. ಥ್ರಾಟಲ್‌ಸ್ಟಾಪ್ (ವೋಲ್ಟೇಜ್, ವೇಗ ಬದಲಿಸಲು ಬಳಸುವ ತಂತ್ರಾಂಶ) ತೆರೆದಾಗ ‘ಲಾಕ್ಡ್’ ಎಂದು ಕಂಡರೆ ಅಲ್ಲಿಗೇ ಬಿಡಿ. ಅದಕ್ಕಾಗಿ ಹಳೇ ಬಯಾಸ್‌ಗೆ ಮರಳುವುದು ಬುದ್ಧಿವಂತಿಕೆಯಲ್ಲ.

ಬೀಗವಿಲ್ಲದಿದ್ದರೆ ಕೋರ್ ಮತ್ತು ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಎರಡಕ್ಕೂ ಮೈನಸ್ 50 ಮಿಲಿವೋಲ್ಟ್‌ನಿಂದ ಆರಂಭಿಸಿ, ಪ್ರತಿ ಸಲ 10 ಹೆಚ್ಚಿಸುತ್ತಾ ಒಂದೊಂದು ಹಂತದಲ್ಲೂ ಅರ್ಧ ಗಂಟೆ ದುಡಿಸಿ. ನೀಲಿ ಪರದೆ ಬಂದರೆ, ಯಂತ್ರ ತಾನಾಗಿ ರೀಸ್ಟಾರ್ಟ್ ಆದರೆ 20 ಹಿಂದಕ್ಕೆ. ಒಂದು ವಾರ ತೊಂದರೆಯಿಲ್ಲದೆ ಓಡುವವರೆಗೂ ವಿಂಡೋಸ್ ಜೊತೆ ತಾನಾಗಿ ಆರಂಭವಾಗುವಂತೆ ಇಡಲೇಬಾರದು. ಇಟ್ಟರೆ ಪ್ರತಿ ಸಲ ಬೂಟ್ ಆಗುವಾಗಲೂ ಕುಸಿಯುವ ಚಕ್ರಕ್ಕೆ ಸಿಕ್ಕಿಬೀಳುತ್ತೀರಿ.

ಯಾವುದಕ್ಕೂ ಬಗ್ಗದಿದ್ದರೆ

ವೇಗ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡು ಏನು ಮಾಡಿದರೂ ಏಳುತ್ತಿಲ್ಲವೇ? ಮೊದಲ ಅನುಮಾನ ಚಾರ್ಜರ್ ಮೇಲಿರಲಿ. ಚಾರ್ಜರ್ ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ಗೊತ್ತಾಗದಿದ್ದರೆ, ಅಥವಾ 65 ವ್ಯಾಟ್ ಬೇಕಾದ ಯಂತ್ರಕ್ಕೆ ಫೋನಿನ 30 ವ್ಯಾಟ್ ಚಾರ್ಜರ್ ಚುಚ್ಚಿದ್ದರೆ, ಬೋರ್ಡ್ ಪ್ರೊಸೆಸರಿಗೆ ‘ಇಳಿ’ ಎಂದು ಸಂಜ್ಞೆ ಕೊಡುತ್ತದೆ. ಇದಕ್ಕೆ ಬಿ.ಡಿ. ಪ್ರೋಕ್‌ಹಾಟ್ ಎಂದು ಹೆಸರು. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ವೇಗ ಸರಿಯಾದರೆ ಚಾರ್ಜರ್ ಅಥವಾ ಅದರ ಪಿನ್ ಕೆಟ್ಟಿದೆ. ಸರಿಯಾಗದಿದ್ದರೆ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಬಿಟ್ಟು ಮತ್ತೆ ಆನ್ ಮಾಡಿ. ಥ್ರಾಟಲ್‌ಸ್ಟಾಪ್‌ನಲ್ಲಿ ಆ ಹೆಸರಿನ ಚೌಕ ಇದೆ, ಅದರ ಗುರುತು ತೆಗೆದರೆ ಸಂಜ್ಞೆಯನ್ನೇ ಕಡೆಗಣಿಸುತ್ತದೆ. ಕಾರಣ ತಿಳಿಯದೆ ಅದನ್ನು ತೆಗೆಯುವುದು ಸೋರುವ ಸಿಲಿಂಡರ್ ಪಕ್ಕ ಕೂತು ಮೂಗು ಮುಚ್ಚಿಕೊಂಡ ಹಾಗೆ.

ಮಿತಿ ಹಾಕಿಯೂ, ಪ್ಯಾಕೇಜ್ ಪವರ್ 10 ವ್ಯಾಟ್‌ಗಿಂತ ಕಡಿಮೆಯಿದ್ದೂ ತಾಪ 90 ದಾಟಿದರೆ ಅದು ತಂತ್ರಾಂಶದ ಕೆಲಸವಲ್ಲ. ಹಿಂದಿನ ಕಿಂಡಿಗೂ ಫ್ಯಾನಿಗೂ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದು ಗಾಳಿ ಊದಬೇಕು. ಹಿಡಿಯದೆ ಊದಿದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಥರ್ಮಲ್ ಪೇಸ್ಟ್ ಕೂಡ ಒಣಗಿರುತ್ತದೆ. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್ ಮೇಲೆ ತೆಳುವಾಗಿ ಹೊಸದನ್ನು ಹಾಕಿ, ಸ್ಕ್ರೂಗಳನ್ನು ಅವುಗಳ ಪಕ್ಕ ಬರೆದಿರುವ ಸಂಖ್ಯೆಯ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಕೈ ನಡುಗುವವರು ಅಂಗಡಿಗೆ ಕೊಡಿ, ಆದರೆ ಕೊಡುವ ಮೊದಲು ಮತ್ತು ತಂದ ಮೇಲೆ ಅದೇ ಹತ್ತು ನಿಮಿಷದ ಪರೀಕ್ಷೆ ಮಾಡಿ. ಪೇಸ್ಟ್ ನಿಜವಾಗಿ ಬದಲಾಯಿತೋ ಬಿಲ್ಲಿನಲ್ಲಷ್ಟೇ ಬದಲಾಯಿತೋ ಅಂಕಿಯೇ ಹೇಳುತ್ತದೆ.

ಹಾಕಿದ ಬೆಲೆ ತಾನಾಗಿ ಹಳೆಯದಕ್ಕೆ ಮರಳುತ್ತಿದ್ದರೆ ತಯಾರಕರ ಆ್ಯಪ್ ಹಿಂದೆ ಕೆಲಸ ಮಾಡುತ್ತಿರಬಹುದು, ಅದರ ‘ಆಟೋ’ ಮೋಡ್ ತೆಗೆಯಿರಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೂ ಒಮ್ಮೆ ನೋಡಿಕೊಳ್ಳಿ.

ಎಲ್ಲ ಗೋಜಲಾಗಿ ಮೊದಲಿನಂತೆ ಮಾಡಬೇಕೆನಿಸಿದರೆ ಅಡ್ವಾನ್ಸ್ಡ್ ಕಿಟಕಿಯ ಕೆಳಗೇ ‘ರಿಸ್ಟೋರ್ ಪ್ಲಾನ್ ಡಿಫಾಲ್ಟ್ಸ್’ ಇದೆ. ರಿಜಿಸ್ಟ್ರಿಯ 2ನ್ನು 1 ಮಾಡಿದರೆ ಸಾಲು ಮಾತ್ರ ಮರೆಯಾಗುತ್ತದೆ, ಅದರೊಳಗಿನ 2500 ಹಾಗೇ ಕೂತು ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು ತಮ್ಮನಿಗೋ ತಂಗಿಗೋ ದಾಟಿಸುವ ಮೊದಲು ಮೆಗಾಹರ್ಟ್ಸ್ ಸಾಲಿಗೆ 0 ತುಂಬಿ, ಅಪ್ಲೈ ಕೊಟ್ಟು, ಆಮೇಲೆ ಮರೆಮಾಡಿ.